ಅಡ್ಡ ನಿಲ್ಲುವುದು, ಅಡ್ಡ ಹಾಕುವುದು

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನಲ್ಲಿದೆ. ನದಿಯೇ ಹರಿಯದ ಕಡೆ ಸಮುದ್ರದ ಮಾತು ಎಲ್ಲಿಂದ ಬರಬೇಕು? ನಮ್ಮ ಅಜ್ಜಿ ಸಮುದ್ರ ನೋಡಿದ್ದು ಒಂದೇ ಸಲ, ರಾಮೇಶ್ವರಕ್ಕೆ ಹೋದಾಗ. ಹೋದ ಬೇಸಿಗೆಯಲ್ಲಿ ನಾನು ಪಡಸಾಲೆಯಲ್ಲಿ ಕೂತು ಪ್ರಬಂಧದ ಕೆಲಸ ಮಾಡುತ್ತಿದ್ದೆ. ಲ್ಯಾಪ್‌ಟಾಪಿನ ಪರದೆ ಮೇಲೆ ಒಂದು ಹಡಗಿನ ಚಿತ್ರವಿತ್ತು. ಅದರ ಮಗ್ಗುಲಿಗೆ ಆಳೆತ್ತರದ ಇಂಗ್ಲಿಷ್ ಅಕ್ಷರಗಳು. ಅಜ್ಜಿ ಮಾವಿನಕಾಯಿ ಹೆಚ್ಚುತ್ತಿದ್ದವಳು ಬಗ್ಗಿ ನೋಡಿದಳು.

“ಅದೇನೋ ಅಷ್ಟು ದೊಡ್ಡದಾಗಿ ಬರೆದವ್ರೆ?”

“ರಿಸರ್ಚ್ ಅಂತ ಅಜ್ಜಿ.”

“ನೀನು ಮಾಡ್ತಿರೋದೂ ಅದೇ ಅಲ್ವಾ?”

“ಹೂಂ, ಅದೇ.”

“ಅವ್ರು ಏನ್ ಮಾಡ್ತಾರೆ?”

“ತಿಮಿಂಗಿಲ ಹಿಡಿದು ಕೊಲ್ತಾರೆ.”

“ತಿನ್ನಾಕಾ?”

“ಮಾಂಸ ಮಾರ್ತಾರೆ. ಆದ್ರೆ ಕೊಲ್ಲೋದು ಅದರ ಬಗ್ಗೆ ತಿಳ್ಕೊಳ್ಳೋಕೆ ಅಂತಾರೆ.”

ಅಜ್ಜಿ ಈಳಿಗೆಮಣೆಯ ಮೇಲೆ ಕೈ ನಿಲ್ಲಿಸಿ ಒಂದು ಗಳಿಗೆ ಯೋಚಿಸಿದಳು. “ತಿನ್ನಾಕೆ ಅಂದ್ರೆ ತಿನ್ನಾಕೆ ಅನ್ನಬೇಕಪ್ಪ. ಅದಕ್ಯಾಕೆ ಬೋರ್ಡು?”

ನಾನು ನೀತಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಮಾತು ಬಾರದ ಜೀವಗಳ ಪರವಾಗಿ ಮಾತಾಡುವ ಹಕ್ಕು ಯಾರಿಗೆ, ಯಾವಾಗ ಬರುತ್ತದೆ ಎನ್ನುವುದು ನನ್ನ ವಿಷಯ. ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಅಜ್ಜಿಯ ಪ್ರಶ್ನೆಗೆ ಆವತ್ತು ಉತ್ತರ ಕೊಡಲಾಗಲಿಲ್ಲ. ಆ ಬೋರ್ಡಿನ ಬಗ್ಗೆ, ಆ ಬೋರ್ಡಿನ ಹಡಗಿಗೆ ಅಡ್ಡ ಹೋದವರ ಬಗ್ಗೆ, ಕೊನೆಗೆ ನಮ್ಮ ತಾತನ ನೀಲಗಿರಿ ತೋಪಿನ ಬಗ್ಗೆ ಬರೆಯುತ್ತಿರುವುದು ಆ ಬಾಕಿ ತೀರಿಸಲಿಕ್ಕೆ.

*

ಮೊದಲು ಸಮುದ್ರದ ಕಥೆ. ತಿಮಿಂಗಿಲದ ಬೇಟೆ ನೋಡಿಕೊಳ್ಳಲು 1946ರಲ್ಲಿ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಅದರ ಅಡಿಯಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ, ಬೇಟೆ ಮಿತಿಮೀರಿ ಸಂತತಿಗಳು ಕುಸಿದ ಮೇಲೆ, 1982ರಲ್ಲಿ ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ತೀರ್ಮಾನಿಸಿತು. 1986ರ ಹೊತ್ತಿಗೆ ಅದು ಜಾರಿಗೆ ಬಂತು. ಆದರೆ 1946ರ ಒಪ್ಪಂದದಲ್ಲಿ ಎಂಟನೆಯ ಕಲಮು ಒಂದಿತ್ತು. ವೈಜ್ಞಾನಿಕ ಸಂಶೋಧನೆಯ ಉದ್ದೇಶಕ್ಕಾಗಿ ತಿಮಿಂಗಿಲ ಕೊಲ್ಲಲು ಯಾವ ದೇಶವಾದರೂ ತನ್ನವರಿಗೆ ತಾನೇ ಪರವಾನಗಿ ಕೊಡಬಹುದು. ಕೊಂದದ್ದನ್ನು ಸಾಧ್ಯವಾದಷ್ಟು ವ್ಯರ್ಥ ಮಾಡದೆ ಬಳಸಬೇಕು. 1987ರಲ್ಲಿ ಜಪಾನು ಅಂಟಾರ್ಕ್ಟಿಕ ಸಮುದ್ರದಲ್ಲಿ ಸಂಶೋಧನಾ ಬೇಟೆ ಶುರು ಮಾಡಿತು. ಹಡಗುಗಳು ಬಹುತೇಕ ಅದೇ ಬಗೆಯವು, ಹಾರ್ಪೂನ್ ಅದೇ, ಮಾಂಸ ಕೊನೆಗೆ ಸೇರುತ್ತಿದ್ದ ಮಾರುಕಟ್ಟೆಯೂ ಅದೇ. ಹಡಗಿನ ಮಗ್ಗುಲಿಗೆ ಹೊಸ ಅಕ್ಷರಗಳು ಬಂದವು.

ಇದನ್ನು ಬರೀ ಕಪಟ ಎಂದು ತಳ್ಳಿಹಾಕುವುದು ಸುಲಭ. ವಿಜ್ಞಾನಿಗಳ ವಾದ ಅಷ್ಟು ಟೊಳ್ಳಾಗಿರಲಿಲ್ಲ. ತಿಮಿಂಗಿಲದ ವಯಸ್ಸನ್ನು ಅದರ ಕಿವಿಯೊಳಗೆ ಪದರ ಪದರವಾಗಿ ಕೂಡುವ ಮೇಣದಿಂದ ಎಣಿಸುತ್ತಾರೆ. ಏನು ತಿಂದಿದೆ ಎಂಬುದು ಹೊಟ್ಟೆ ಕೊಯ್ದರೆ ತಿಳಿಯುತ್ತದೆ. ಇದಕ್ಕೆಲ್ಲ ಸತ್ತ ತಿಮಿಂಗಿಲ ಬೇಕು ಎಂದರು. ಇನ್ನೊಂದು ವಾದ ಇನ್ನೂ ಗಟ್ಟಿಯಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ದೀಪ ಉರಿಸಲು ತಿಮಿಂಗಿಲಗಳ ಎಣ್ಣೆ ತೆಗೆದವರು ಅಮೆರಿಕದವರು, ಯುರೋಪಿನವರು. ಈಗ ಅವರಿಗೆ ಬೇರೆ ಎಣ್ಣೆ ಸಿಕ್ಕಿದೆ, ತಿಮಿಂಗಿಲ ಪವಿತ್ರವಾಗಿದೆ. ಯುದ್ಧ ಮುಗಿದ ಹಸಿವಿನ ವರ್ಷಗಳಲ್ಲಿ ಶಾಲೆಯ ಊಟದಲ್ಲಿ ತಿಮಿಂಗಿಲ ತಿಂದು ಬೆಳೆದ ಜಪಾನಿನ ಒಂದು ತಲೆಮಾರಿಗೆ, ದನ ತಿನ್ನುವವರು ಬಂದು ಇದನ್ನು ತಿನ್ನಬೇಡ ಎನ್ನುವುದು ಹೇಗೆ ಕೇಳಿಸಬೇಕು? ಯಾರ ತಟ್ಟೆಯಲ್ಲಿ ಏನಿರಬೇಕು ಎಂದು ಇನ್ನೊಬ್ಬರು ಹೇಳುವುದರ ರುಚಿ ಈ ನಾಡಿನವರಿಗೆ ಚೆನ್ನಾಗಿ ಗೊತ್ತು.

ಈ ಬೇಟೆಗೆ ಅಡ್ಡ ಬಂದವರಲ್ಲಿ ಎರಡು ಬಗೆ. 1975ರಲ್ಲಿ ಗ್ರೀನ್‌ಪೀಸ್‌ನವರು ಶಾಂತಸಾಗರದಲ್ಲಿ ಸೋವಿಯತ್ ಬೇಟೆ ಹಡಗಿನ ಮುಂದೆ ಸಣ್ಣ ರಬ್ಬರ್ ದೋಣಿಯಲ್ಲಿ ಹೋಗಿ, ಹಾರ್ಪೂನಿಗೂ ತಿಮಿಂಗಿಲಕ್ಕೂ ನಡುವೆ ತಮ್ಮ ದೇಹ ಇಟ್ಟರು. ಹೊಡೆಯುವುದಾದರೆ ನಮ್ಮ ತಲೆಯ ಮೇಲಿಂದ ಹೊಡೆಯಿರಿ ಎನ್ನುವ ನಿಲುವು ಅದು. ಹೊಡೆದರು ಕೂಡ, ಹಾರ್ಪೂನ್ ಅವರ ತಲೆ ಮೇಲಿಂದ ಹೋಯಿತು. ಆದರೆ ಆ ದೃಶ್ಯ ಜಗತ್ತಿನ ಟೀವಿಗಳಲ್ಲಿ ಬಂತು. ಆ ದೋಣಿಗಳಲ್ಲಿದ್ದವರಲ್ಲಿ ಪಾಲ್ ವಾಟ್ಸನ್ ಒಬ್ಬರು. ಬರೀ ಸಾಕ್ಷಿಯಾಗಿ ನಿಂತರೆ ಸಾಲದು ಎಂದು ಅವರಿಗೆ ಅನ್ನಿಸತೊಡಗಿತು. 1977ರಲ್ಲಿ ಗ್ರೀನ್‌ಪೀಸ್‌ನಿಂದ ಹೊರಬಿದ್ದು ಕಟ್ಟಿದ್ದು ಮುಂದೆ ಸೀ ಶೆಪರ್ಡ್ ಎಂದು ಹೆಸರಾಯಿತು. ಅವರ ದಾರಿ ಬೇರೆ. 1986ರ ನವೆಂಬರಿನಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್ ಬಂದರಿನಲ್ಲಿ ನಿಂತಿದ್ದ ಎರಡು ಬೇಟೆ ಹಡಗುಗಳಿಗೆ ಸೀ ಶೆಪರ್ಡ್‌ನವರು ನೀರು ತುಂಬಿಸಿ ಮುಳುಗಿಸಿದರು. ಅಂಟಾರ್ಕ್ಟಿಕದಲ್ಲಿ ಜಪಾನಿನ ಹಡಗುಗಳ ಮೇಲೆ, ಹಳಸಿದ ಬೆಣ್ಣೆಯ ನಾತ ಬರುವ ಬ್ಯುಟಿರಿಕ್ ಆಮ್ಲದ ಬಾಟಲಿ ಎಸೆದರು, ಹಡಗಿನ ಪ್ರೊಪೆಲರಿಗೆ ಸಿಕ್ಕಿಕೊಳ್ಳುವಂತೆ ಹಗ್ಗ ಬಿಟ್ಟರು. ಜಪಾನಿನವರು ರಭಸದ ನೀರಿನ ಫಿರಂಗಿಯಿಂದ ಉತ್ತರ ಕೊಟ್ಟರು.

2010ರ ಜನವರಿ 6ರಂದು ಕಾವಲು ಹಡಗು ಶೋನಾನ್ ಮಾರು 2, ಸೀ ಶೆಪರ್ಡ್‌ನವರ ಏಡಿ ಗಿಲ್ ಎಂಬ ಪುಟ್ಟ ವೇಗದ ದೋಣಿಗೆ ಡಿಕ್ಕಿ ಹೊಡೆದು ಅದರ ಮೂತಿ ಕತ್ತರಿಸಿಹಾಕಿತು. ಒಳಗಿದ್ದ ಆರು ಜನ ಬದುಕಿ ಉಳಿದರು. ಆಮೇಲೆ ವಿಚಾರಣೆ ನಡೆಸಿದ ನ್ಯೂಜಿಲೆಂಡಿನ ಅಧಿಕಾರಿಗಳು ತಪ್ಪು ಎರಡೂ ಕಡೆ ಇದೆ ಎಂದರು. ಮುಂದಿನ ತಿಂಗಳು ಆ ದೋಣಿಯ ನಾಯಕ ಪೀಟರ್ ಬೆಥೂನ್ ನೀರ್‌ಸ್ಕೂಟರಿನಲ್ಲಿ ಹೋಗಿ ಶೋನಾನ್ ಮಾರು ಹತ್ತಿದರು. ಅದರ ಕ್ಯಾಪ್ಟನ್ನನ್ನು ತಾವೇ ದಸ್ತಗಿರಿ ಮಾಡುವುದು, ಮುರಿದ ದೋಣಿಯ ಬಿಲ್ಲು ಕೈಗೆ ಕೊಡುವುದು ಅವರ ಉದ್ದೇಶ. ದಸ್ತಗಿರಿಯಾದದ್ದು ಅವರೇ. ಟೋಕಿಯೋದ ನ್ಯಾಯಾಲಯ ಎರಡು ವರ್ಷದ ಸಜೆ ವಿಧಿಸಿ, ಅಮಾನತಿನಲ್ಲಿಟ್ಟು, ಅವರನ್ನು ದೇಶಕ್ಕೆ ವಾಪಸು ಕಳಿಸಿತು. 2013ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ಸೀ ಶೆಪರ್ಡ್‌ನವರ ಈ ಕೆಲಸ ಕಡಲುಗಳ್ಳತನವೇ ಎಂದು ಬಿಟ್ಟಿತು.

ಒಬ್ಬರ ಹಡಗಿನ ಮೇಲೆ ಸಂಶೋಧನೆ ಎಂಬ ಬೋರ್ಡು, ಇನ್ನೊಬ್ಬರ ಹಡಗಿನ ಮೇಲೆ ರಕ್ಷಣೆ ಎಂಬ ಬೋರ್ಡು. ನಡುವೆ ತಿಮಿಂಗಿಲ. ಒಬ್ಬ ‘ಇದನ್ನು ಬಲ್ಲವನು ನಾನು’ ಎನ್ನುತ್ತಾನೆ, ಇನ್ನೊಬ್ಬ ‘ಇದನ್ನು ಪ್ರೀತಿಸುವವನು ನಾನು’ ಎನ್ನುತ್ತಾನೆ. ತಿಮಿಂಗಿಲ ಇಬ್ಬರಿಗೂ ವಕಾಲತ್ತು ಕೊಟ್ಟಿಲ್ಲ. ಹಾಗಾದರೆ ಈ ಇಬ್ಬರನ್ನೂ ಅಳೆಯುವುದು ಯಾವುದರಿಂದ?

*

ಮೊದಲನೆಯವನ ಅಳತೆಯನ್ನು ಒಂದು ನ್ಯಾಯಾಲಯ ತೆಗೆದಿದೆ. ಆಸ್ಟ್ರೇಲಿಯಾ ಹೂಡಿದ ದಾವೆಯಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2014ರ ಮಾರ್ಚ್ 31ರಂದು ತೀರ್ಪು ಕೊಟ್ಟಿತು. ಹನ್ನೆರಡು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ತಿಮಿಂಗಿಲ ಕೊಲ್ಲುವುದು ಪಾಪವೇ ಎಂದು ಅದು ಕೇಳಲಿಲ್ಲ. ವಿಜ್ಞಾನ ಎಂದರೇನು ಎಂಬ ದೊಡ್ಡ ವ್ಯಾಖ್ಯಾನಕ್ಕೂ ಹೋಗಲಿಲ್ಲ. ನೀವು ಹೇಳುವ ಗುರಿಗೂ ನೀವು ಮಾಡುತ್ತಿರುವ ಕೆಲಸಕ್ಕೂ ತಾಳೆಯಾಗುತ್ತಿದೆಯೇ ಎಂದಷ್ಟೇ ಕೇಳಿತು.

ಯೋಜನೆಯ ಪ್ರಕಾರ ವರ್ಷಕ್ಕೆ ಸುಮಾರು 850 ಮಿಂಕಿ, 50 ಫಿನ್, 50 ಹಂಪ್‌ಬ್ಯಾಕ್ ತಿಮಿಂಗಿಲ ಬೇಕು. ಅಷ್ಟು ಮಾದರಿ ಇಲ್ಲದಿದ್ದರೆ ಲೆಕ್ಕ ನಿಲ್ಲುವುದಿಲ್ಲ ಎಂಬುದು ಅವರದೇ ವಾದ. ನಡೆದದ್ದು ಬೇರೆ. ಹಂಪ್‌ಬ್ಯಾಕ್ ಒಂದನ್ನೂ ಹಿಡಿಯಲಿಲ್ಲ. ಏಳು ಬೇಟೆಯ ಕಾಲಗಳಲ್ಲಿ ಸಿಕ್ಕ ಫಿನ್ ಒಟ್ಟು 18. ಮಿಂಕಿ ಕೊನೆಗೆ 103ಕ್ಕೆ ಇಳಿಯಿತು. ಆದರೂ ಪ್ರಶ್ನೆ ಬದಲಾಗಲಿಲ್ಲ, ವಿಧಾನ ಬದಲಾಗಲಿಲ್ಲ, ಕೊಲ್ಲದೆ ತಿಳಿಯುವ ದಾರಿ ಇದೆಯೇ ಎಂದು ಗಂಭೀರವಾಗಿ ಹುಡುಕಿದ ಗುರುತೂ ಸಿಗಲಿಲ್ಲ. 2005ರಿಂದ ಸುಮಾರು 3600 ಮಿಂಕಿಗಳು ಸತ್ತಿದ್ದವು. ತಜ್ಞರ ಪರಿಶೀಲನೆ ದಾಟಿ ಪ್ರಕಟವಾದವೆಂದು ಜಪಾನು ತೋರಿಸಿದ ಲೇಖನಗಳು ಎರಡು. ಬೇಟೆ ಕಡಿಮೆಯಾಗಲು ಪ್ರತಿಭಟನೆಕಾರರ ಅಡ್ಡಿಯೂ ಕಾರಣ ಎಂದು ಜಪಾನು ಹೇಳಿತು. ಅದು ಒಂದು ಮಟ್ಟಿಗೆ ನಿಜವೂ ಹೌದು. ಆದರೆ ನೂರು ಸಿಕ್ಕರೂ ಸಂಶೋಧನೆ, ಎಂಟುನೂರು ಸಿಕ್ಕರೂ ಅದೇ ಸಂಶೋಧನೆ ಎನ್ನುವುದಾದರೆ, ಎಂಟುನೂರು ಬೇಕೇ ಬೇಕು ಎಂದದ್ದು ಯಾಕೆ? ಸಂಶೋಧನೆಯ ಉದ್ದೇಶಕ್ಕೆ ಎಂದು ಕೊಟ್ಟ ಪರವಾನಗಿಗಳು ಇವಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು.

ಈ ತೀರ್ಪು ಓದುವಾಗ ನನಗೆ ನಮ್ಮ ಜಿಲ್ಲೆಯದೇ ಇನ್ನೊಂದು ಸಂಶೋಧನೆ ನೆನಪಾಯಿತು. ಅದರಲ್ಲೂ ಜಪಾನಿನವರು ಇದ್ದರು. 1960ರ ದಶಕದ ಮೊದಲಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಒಸಾಕಾದ ವಿಜ್ಞಾನಿಗಳೂ ಸೇರಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಬಾವಿಯಲ್ಲಿ ಉಪಕರಣ ಇಳಿಸಿದರು. ಆಕಾಶದಿಂದ ಸುರಿಯುವ ಮ್ಯುಯಾನ್ ಎಂಬ ಕಣ ನೆಲದೊಳಗೆ ಎಷ್ಟು ಆಳದವರೆಗೆ ತಲುಪುತ್ತದೆ ಎಂದು ಎಣಿಸುವುದು ಕೆಲಸ. ಕೆಳಗೆ ಹೋದಷ್ಟೂ ಎಣಿಕೆ ಕಡಿಮೆಯಾಯಿತು. ಅತಿ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಬರಲಿಲ್ಲ. ಅವರು ಆ ಸೊನ್ನೆಯನ್ನೇ ಬರೆದು ಪ್ರಕಟಿಸಿದರು. ಗದ್ದಲವೇ ಇಲ್ಲದ ಅಂಥ ಜಾಗ ನ್ಯೂಟ್ರಿನೊ ಹುಡುಕಲು ಯೋಗ್ಯ ಎಂದು ಹೊಳೆದದ್ದು ಆ ಸೊನ್ನೆಯಿಂದಲೇ. ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರೂ ಸೇರಿಕೊಂಡರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಮೊದಲ ಗುರುತುಗಳು 1965ರಲ್ಲಿ ಸಿಕ್ಕಿದ ಜಾಗಗಳಲ್ಲಿ ನಮ್ಮ ಕೆಜಿಎಫ್ ಒಂದು.

ಬೋರ್ಡು ನಿಜವೇ ಸುಳ್ಳೇ ಎಂದು ತಿಳಿಯಲು ನನಗೆ ಸಿಕ್ಕಿರುವ ಅಳತೆ ಇದು. ಸಂಶೋಧಕ ಸೊನ್ನೆಯನ್ನು ಕೇಳಿಸಿಕೊಳ್ಳಲು ತಯಾರಿದ್ದಾನೆಯೇ? ‘ನಿನ್ನ ಊಹೆ ತಪ್ಪು, ನಿನ್ನ ವಿಧಾನ ಸಾಲದು, ಇದನ್ನು ನಿಲ್ಲಿಸು’ ಎಂದು ಅವನ ಕೆಲಸವೇ ಅವನಿಗೆ ಹೇಳುವ ಸಾಧ್ಯತೆ ಇದೆಯೇ? ಉತ್ತರ ಏನು ಬಂದರೂ ಮುಂದಿನ ವರ್ಷ ಅದೇ ಹಡಗು ಅದೇ ಕಡೆ ಹೊರಡುವುದಾದರೆ ಅದು ಕಸುಬು. ಕಸುಬು ಮಾಡುವುದು ಅಪರಾಧವಲ್ಲ. ಅಜ್ಜಿ ಹೇಳಿದ ಹಾಗೆ, ಅದಕ್ಕೆ ಆ ಬೋರ್ಡು ಬೇಡ. ಜಪಾನು 2019ರ ಜೂನ್ ಕೊನೆಯಲ್ಲಿ ಆಯೋಗದಿಂದಲೇ ಹೊರಬಂದು, ಜುಲೈ 1ರಿಂದ ತನ್ನ ಕಡಲಿನಲ್ಲಿ ವಾಣಿಜ್ಯ ಬೇಟೆ ಎಂದೇ ಹೇಳಿಕೊಂಡು ಬೇಟೆ ಶುರು ಮಾಡಿತು. ಅಂಟಾರ್ಕ್ಟಿಕಕ್ಕೆ ಹೋಗುವುದು ನಿಂತಿತು. ಬೋರ್ಡು ಕಳಚಿದ ಮೇಲೆ ಅವರೊಂದಿಗೆ ಜಗಳ ಆಡುವುದಾದರೂ ನೇರವಾಗಿ ಆಡಬಹುದು.

*

ಎರಡನೆಯವನ ಅಳತೆ ಇನ್ನೂ ಕಷ್ಟದ್ದು. ಯಾಕೆಂದರೆ ನನ್ನ ಮನಸ್ಸು ಅವನ ಕಡೆಗಿದೆ.

ಮಾತು ಬಾರದ ಪ್ರಾಣಿಗಾಗಿ ಕಾನೂನು ಮೀರಿ, ಪ್ರಾಣದ ಹಂಗು ತೊರೆದು ಹೋದವರ ಕಥೆ ಯಾರ ಎದೆಯನ್ನಾದರೂ ತಟ್ಟುತ್ತದೆ. ತಿಮಿಂಗಿಲದ ಜಾಗದಲ್ಲಿ ಹಸುವನ್ನು ಇಟ್ಟು ನೋಡೋಣ. ರಾತ್ರಿ ಹೆದ್ದಾರಿಯಲ್ಲಿ ಒಂದು ಗುಂಪು ಟೆಂಪೋ ಅಡ್ಡ ಹಾಕುತ್ತದೆ. ಒಳಗೆ ದನಗಳಿವೆ. ಚಾಲಕನನ್ನು ಕೆಳಗಿಳಿಸುತ್ತಾರೆ. ಆ ಗುಂಪಿನವರೂ ಇದನ್ನೇ ಹೇಳುತ್ತಾರೆ: ಮೂಕ ಪ್ರಾಣಿಯ ರಕ್ಷಣೆಗೆ ಬಂದವರು ನಾವು, ಪೊಲೀಸರು ಏನೂ ಮಾಡುವುದಿಲ್ಲ, ಅದಕ್ಕೇ ನಾವು ಮಾಡುತ್ತೇವೆ. ಬೆಥೂನ್ ಆಡಿದ್ದೂ ಹೆಚ್ಚುಕಡಿಮೆ ಇದೇ ಮಾತು. ವಾಟ್ಸನ್ ಅವರನ್ನು ಮೆಚ್ಚಿ ಈ ಗುಂಪನ್ನು ಖಂಡಿಸುವ ನಾನು, ನನಗೆ ಇಷ್ಟವಾದ ಪ್ರಾಣಿಗೆ ಒಂದು ನೀತಿ, ಇಷ್ಟವಾಗದ ರಾಜಕಾರಣಕ್ಕೆ ಇನ್ನೊಂದು ನೀತಿ ಎನ್ನುತ್ತಿಲ್ಲವೇ? ಸೆಮಿನಾರಿನಲ್ಲಿ ಕಿರಿಯ ಗೆಳತಿಯೊಬ್ಬಳು ಈ ಪ್ರಶ್ನೆ ಕೇಳಿದಾಗ ನಾನು ತಡವರಿಸಿದ್ದೆ.

ಉದ್ದೇಶ ಒಳ್ಳೆಯದು ಎನ್ನುವುದು ಉತ್ತರವಲ್ಲ. ಉದ್ದೇಶ ಎಲ್ಲರದೂ ಅವರವರಿಗೆ ಒಳ್ಳೆಯದೇ. ತಿಮಿಂಗಿಲ ಅಳಿವಿನ ಅಂಚಿನಲ್ಲಿದೆ ಎನ್ನುವುದೂ ಪೂರ್ತಿ ಉತ್ತರವಲ್ಲ. ಅಂಟಾರ್ಕ್ಟಿಕದ ಮಿಂಕಿಗಳ ಸಂಖ್ಯೆ ಲಕ್ಷಗಳಲ್ಲಿದೆ. ನನಗೆ ದಾರಿ ತೋರಿಸಿದ್ದು ನಮ್ಮ ಭಾಷೆಯ ಎರಡು ಮಾತುಗಳು. ಕನ್ನಡದಲ್ಲಿ ‘ಅಡ್ಡ ನಿಲ್ಲುವುದು’ ಎನ್ನುತ್ತೇವೆ, ‘ಅಡ್ಡ ಹಾಕುವುದು’ ಎಂದೂ ಎನ್ನುತ್ತೇವೆ. ಹೊಡೆತ ಬೀಳುವ ಮಗುವಿಗೆ ಅಜ್ಜಿ ಅಡ್ಡ ನಿಲ್ಲುತ್ತಾಳೆ. ದಾರಿಯಲ್ಲಿ ಬರುವವನನ್ನು ಪುಂಡರು ಅಡ್ಡ ಹಾಕುತ್ತಾರೆ. ಮೊದಲನೆಯದರಲ್ಲಿ ಪೆಟ್ಟು ನಿಂತವರ ಮೈಗೆ ಬೀಳುತ್ತದೆ, ಎರಡನೆಯದರಲ್ಲಿ ಎದುರಿನವನ ಮೈಗೆ. ಅಡ್ಡ ನಿಲ್ಲುವವರಿಗೆ ಮುಖವಿದೆ, ಹೆಸರಿದೆ. ನಾಳೆ ಬೆಳಿಗ್ಗೆಯೂ ಅವರು ಅಲ್ಲೇ ಸಿಗುತ್ತಾರೆ. ಹೆದ್ದಾರಿಯ ಗುಂಪು ತನಗಿಂತ ಬಡವನಾದ, ಒಂಟಿಯಾದ ಮನುಷ್ಯನ ಮೇಲೆ ಕೈ ಮಾಡುತ್ತದೆ. ರಬ್ಬರ್ ದೋಣಿಯವರು ತಮಗಿಂತ ನೂರು ಪಟ್ಟು ದೊಡ್ಡ ಹಡಗಿನ ಎದುರು ಬರಿಗೈಯಲ್ಲಿ ಕೂತಿದ್ದರು. ಹಸುವೋ ತಿಮಿಂಗಿಲವೋ ಎನ್ನುವುದರಿಂದ ಈ ಎರಡು ಬೇರೆಯಾಗುವುದಿಲ್ಲ.

ಹಾಗೆಂದು ಸೀ ಶೆಪರ್ಡ್ ಪೂರ್ತಿ ಗೆದ್ದಂತೆಯೂ ಅಲ್ಲ. ಆಮ್ಲದ ಬಾಟಲಿ ಬೀಳುವುದು ಕಂಪನಿಯ ಮೇಲಲ್ಲ, ಸಂಬಳಕ್ಕೆ ಡೆಕ್ಕಿನ ಮೇಲೆ ನಿಂತ ನಾವಿಕನ ಮುಂದೆ. ಹಿಮಗಡ್ಡೆಗಳ ನಡುವೆ ಪ್ರೊಪೆಲರ್ ನಿಂತುಹೋದರೆ ಸಾಯುವುದು ಅವನೇ. ಆ ಕ್ಷಣಗಳಲ್ಲಿ ಅವರು ಅಡ್ಡ ನಿಲ್ಲುವುದರಿಂದ ಅಡ್ಡ ಹಾಕುವುದಕ್ಕೆ ಜಾರಿದ್ದರು ಎಂದೇ ನನ್ನ ಅನಿಸಿಕೆ. ಆದರೆ ವಾಟ್ಸನ್ ಮುಖ ಮುಚ್ಚಿಕೊಳ್ಳಲಿಲ್ಲ ಎನ್ನುವುದನ್ನೂ ಬರೆಯಬೇಕು. ರೇಕ್ಯಾವಿಕ್‌ನ ಹಡಗು ಮುಳುಗಿದ ಮೇಲೆ ತಾವೇ ಐಸ್‌ಲೆಂಡಿಗೆ ಹೋಗಿ, ಬೇಕಾದರೆ ಕೇಸು ಹಾಕಿ ಎಂದರು; ಅಲ್ಲಿಯ ಸರ್ಕಾರ ಕೇಸು ಹಾಕದೆ ಹೊರಗಟ್ಟಿತು. ಜಪಾನಿನ ಕೋರಿಕೆಯ ಮೇಲೆ 2024ರ ಜುಲೈನಲ್ಲಿ ಗ್ರೀನ್‌ಲೆಂಡಿನಲ್ಲಿ ಬಂಧನವಾಗಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಐದು ತಿಂಗಳು ಸೆರೆಯಲ್ಲಿದ್ದು, ಡೆನ್ಮಾರ್ಕ್ ಅವರನ್ನು ಒಪ್ಪಿಸಲು ನಿರಾಕರಿಸಿದ ಮೇಲೆ ಡಿಸೆಂಬರಿನಲ್ಲಿ ಹೊರಬಂದರು.

*

ಈ ಪ್ರಶ್ನೆಯನ್ನು ನಮ್ಮ ಕಡೆಯವರು ಸಮುದ್ರವಿಲ್ಲದೆಯೇ ಎದುರಿಸಿದ್ದಾರೆ. ಕೋಲಾರಕ್ಕೂ ನೀಲಗಿರಿಗೂ ಹಳೆಯ ನಂಟು. ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟಕ್ಕೆ ಆಸ್ಟ್ರೇಲಿಯಾದ ಈ ಮರ ಬಂತೆನ್ನುತ್ತಾರೆ. 2007ರವರೆಗೆ ನಂದಿಯೂ ನಮ್ಮ ಜಿಲ್ಲೆಯಲ್ಲೇ ಇತ್ತು. ಸಾಮಾಜಿಕ ಅರಣ್ಯ ಎಂಬ ಹೆಸರಿನಲ್ಲಿ ಅದು ರಾಗಿ ಹೊಲಕ್ಕೆ ಇಳಿದದ್ದು 1970, 80ರ ದಶಕಗಳಲ್ಲಿ. ನೀಲಗಿರಿ ಹೊಲಕ್ಕೆ ಬಂದಲ್ಲಿ ರಾಗಿಯೂ ಕೂಲಿಯೂ ಕಡಿಮೆಯಾಗುತ್ತಿವೆ ಎಂದು ವಂದನಾ ಶಿವ ಮತ್ತು ಜೊತೆಗಾರರು ಕೋಲಾರ ಜಿಲ್ಲೆಯನ್ನೇ ಅಧ್ಯಯನ ಮಾಡಿ 1981ರಲ್ಲಿ ಬರೆದರು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿ ಕಿತ್ತು, ಅಲ್ಲೇ ಹುಣಸೆ, ಮಾವಿನ ಬೀಜ ಊರಿದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಊರಿನ ಸಾಮೂಹಿಕ ಜಮೀನನ್ನು ಕಾರ್ಖಾನೆಗೆ ಪಲ್ಪ್ ಬೆಳೆಯಲು ಕೊಟ್ಟಿದ್ದರ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಕಟ್ಟಿದ ಚಳವಳಿ ಅದು. ದಿನ ಮೊದಲೇ ಸಾರಿದ್ದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿನಲ್ಲಿ ಮೊಕದ್ದಮೆಯನ್ನೂ ಹೂಡಿದ್ದರು. ಹಾಡಿಕೊಂಡು, ಡೊಳ್ಳು ಬಡಿದುಕೊಂಡು ಹೋಗಿ ನೂರರಷ್ಟು ಸಸಿ ಕಿತ್ತರು; ಕಿತ್ತ ಕುಣಿಯಲ್ಲೇ ಹಣ್ಣಿನ, ಮೇವಿನ ಸಸಿ ನೆಟ್ಟರು. ಬೇಡ ಎಂದವನು ಏನು ಬೇಕು ಎಂಬುದನ್ನೂ ಅದೇ ಕೈಯಲ್ಲಿ ತೋರಿಸಬೇಕು ಎನ್ನುವ ವಿವೇಕ ಆ ಎರಡು ಪದಗಳ ಹೆಸರಿನಲ್ಲೇ ಇದೆ.

ಸಂಶೋಧನೆಯ ಬೋರ್ಡಿಗೇ ನೇರವಾಗಿ ಎದುರಾದದ್ದು ರಾಜ್ಯ ರೈತ ಸಂಘ. 1998ರ ನವೆಂಬರ್ ಕೊನೆಯಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳ್ತನದಲ್ಲಿ ರಾಯಚೂರು, ಬಳ್ಳಾರಿ ಕಡೆಯ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಹೋಗಿ ಬೆಳೆ ಕಿತ್ತು ಬೆಂಕಿ ಹಚ್ಚಿದರು. ಏನು ಬಿತ್ತಿಸುತ್ತಿದ್ದೇವೆ ಎಂದು ಹೊಲದವನಿಗೆ ಹೇಳದೆಯೇ ಪ್ರಯೋಗ ನಡೆಸಿದ್ದಾರೆ ಎನ್ನುವುದು ಅವರ ಆರೋಪವಾಗಿತ್ತು. ಇಲ್ಲಿಯೂ ಮೊದಲೇ ಸಾರಿದ್ದರು, ಕ್ಯಾಮೆರಾಗಳ ಮುಂದೆ ಮಾಡಿದರು, ಹೊಲದ ರೈತನಿಗೆ ಆಗುವ ನಷ್ಟ ತಾವೇ ತುಂಬಿಕೊಡುವುದಾಗಿ ಹೇಳಿದ್ದರು. ಆದರೂ ಈ ಪ್ರಸಂಗ ನನ್ನನ್ನು ಕುಸನೂರಿನಷ್ಟು ನಿರಾಳವಾಗಿ ಬಿಡುವುದಿಲ್ಲ. ಪ್ರಯೋಗ ಮೋಸದ್ದಾಗಿದ್ದರೆ ಅದನ್ನು ನಿಲ್ಲಿಸಬೇಕಿತ್ತು, ನಿಜ. ಆದರೆ ಪ್ರಯೋಗವನ್ನೇ ಸುಟ್ಟರೆ, ನಾಳೆ ನಾವು ಸರಿಯೋ ಅವರು ಸರಿಯೋ ಎಂದು ಹೇಳಬೇಕಾದ ಸಾಕ್ಷಿಯನ್ನೂ ಸುಟ್ಟಂತೆ. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಇಂದು ದೇಶದ ಹತ್ತಿಯಲ್ಲಿ ಬಹುಪಾಲು ಅದೇ. ಸೊನ್ನೆಯನ್ನು ಕೇಳಿಸಿಕೊಳ್ಳಬೇಕಾದ ಕಟ್ಟುಪಾಡು ಸಂಶೋಧಕನಿಗೆ ಮಾತ್ರವಲ್ಲ, ಹೋರಾಟಗಾರನಿಗೂ ಇದೆ.

ಅಂಥ ಕೇಳಿಸಿಕೊಳ್ಳುವಿಕೆ ಹೇಗಿರುತ್ತದೆ ಎಂಬುದಕ್ಕೂ ನೀಲಗಿರಿಯೇ ಉದಾಹರಣೆ. 1980ರ ದಶಕದ ಕೊನೆಯಿಂದ ಬ್ರಿಟನ್ನಿನ ಜಲವಿಜ್ಞಾನಿಗಳು ಮತ್ತು ಕರ್ನಾಟಕದ ಅರಣ್ಯ ಇಲಾಖೆಯವರು ಶಿವಮೊಗ್ಗದ ಕಡೆಯೂ ನಮ್ಮ ಪಕ್ಕದ ಹೊಸಕೋಟೆಯಲ್ಲೂ ಈ ಮರ ಕುಡಿಯುವ ನೀರನ್ನು ಅಳೆದರು. ಶಿವಮೊಗ್ಗದ ಕಡೆ ಅದು ಸ್ಥಳೀಯ ಕುರುಚಲು ಕಾಡಿಗಿಂತ ಹೆಚ್ಚು ಕುಡಿಯುತ್ತಿರಲಿಲ್ಲ. ಇದು ಹೋರಾಟಗಾರರಿಗೆ ಹಿಡಿಸದ ಉತ್ತರ. ಆದರೆ ರಾಗಿಯಂಥ ಬೆಳೆಗೆ ಹೋಲಿಸಿದರೆ ಸುಮಾರು ಎರಡು ಪಟ್ಟು ಕುಡಿಯುತ್ತಿತ್ತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಂತೂ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಅದು ಹೀರಿತ್ತು. ಇದು ನೀಲಗಿರಿಯ ಪರ ನಿಂತಿದ್ದವರಿಗೆ ಹಿಡಿಸದ ಉತ್ತರ. ಇಬ್ಬರಿಗೂ ಇರಿಸುಮುರಿಸಾಯಿತು ಎಂದರೆ ಆ ಅಧ್ಯಯನದ ಬೋರ್ಡು ನಿಜ ಎಂದೇ ನನ್ನ ನಂಬಿಕೆ.

*

ಇನ್ನು ತಾತನ ತೋಪು.

ನಮ್ಮದು ಎರಡೂವರೆ ಎಕರೆ ಮೇಲುಹೊಲ. ತಾತ ರಾಗಿ ಬಿಟ್ಟು ನೀಲಗಿರಿ ಹಾಕಿದ್ದು ನಾನು ಹುಟ್ಟುವ ಮೊದಲು. ಮಳೆ ನೆಚ್ಚಿಕೊಳ್ಳಬೇಕಿಲ್ಲ, ಆಳು ಬೇಕಿಲ್ಲ, ದನ ಮುಟ್ಟುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಕಡಿದರೆ ಬೆಂಗಳೂರಿನ ಸೆಂಟ್ರಿಂಗ್ ಕಂಬಕ್ಕೆ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ, ಬುಡದಿಂದ ಮತ್ತೆ ಚಿಗುರುತ್ತದೆ. ಅಪ್ಪನಿಗೆ ಆಪರೇಷನ್ ಆದದ್ದು ಒಂದು ಕಟಾವಿನಲ್ಲಿ. ಅಕ್ಕನ ಮದುವೆ ಇನ್ನೊಂದರಲ್ಲಿ. ನನ್ನ ಡಿಗ್ರಿಯ ಮೂರು ವರ್ಷದ ಫೀಸು, ಹಾಸ್ಟೆಲ್ಲು ಮತ್ತೊಂದರಲ್ಲಿ.

ಆ ಡಿಗ್ರಿ ಓದುವಾಗಲೇ ನಾನು ಪರಿಸರದ ಪುಸ್ತಕ ಹಿಡಿದದ್ದು. ಊರಿನಲ್ಲಿ ಬೋರ್‌ವೆಲ್ ಸಾವಿರದ ಇನ್ನೂರು ಅಡಿಗೆ ಇಳಿದಿತ್ತು. ರಜೆಗೆ ಬಂದಾಗ ಯುವಕ ಸಂಘದ ಗೆಳೆಯರಿಗೆ ನಾನೇ ಕುಸನೂರಿನ ಕಥೆ ಹೇಳಿದೆ, ಹೊಸಕೋಟೆಯ ಅಂಕಿ ಹೇಳಿದೆ. ನೀರು ಕುಡಿಯುವ ಈ ಮರದ ಪರ ಮಾತಾಡಲು ಲಾರಿಯವರಿದ್ದಾರೆ, ಅಂತರ್ಜಲದ ಪರ ಯಾರಿದ್ದಾರೆ ಎಂದು ಕೇಳಿದೆ. ಕಡಿದು ಒಂದು ವರ್ಷವಾಗಿದ್ದ ತಾತನ ತೋಪು ಆಗ ತಾನೇ ಸೊಂಟದೆತ್ತರ ಚಿಗುರಿತ್ತು. ನಾನು ಕಾಲೇಜಿಗೆ ವಾಪಸಾದ ವಾರದಲ್ಲಿ, ಒಂದು ರಾತ್ರಿ ಯಾರೋ ಹೋಗಿ ಅರ್ಧ ತೋಪಿನ ಚಿಗುರನ್ನೆಲ್ಲ ಕೊಚ್ಚಿ, ಬುಡಗಳಿಗೆ ಏನೋ ಸುರಿದು ಸುಟ್ಟಿದ್ದರು.

ಯಾರೆಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಹೇಳಿಯೂ ಹೇಳಿದರು, ಹೆಮ್ಮೆಯಿಂದ. ನಾನು ಅವರಿಗೆ ಛೀಮಾರಿಯನ್ನೂ ಹಾಕಲಿಲ್ಲ, ತಾತನಿಗೆ ಹೆಸರನ್ನೂ ಹೇಳಲಿಲ್ಲ. ಒಳಗೊಳಗೇ ಒಂದು ಖುಷಿಯೂ ಇತ್ತು ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ತಾತನ ತೋಪಿನ ದುಡ್ಡಿನಲ್ಲಿ ಓದಿ, ಆ ಓದಿನಿಂದಲೇ ತಾತನ ತೋಪು ಸುಡಿಸಿದ್ದೆ. ಹಬ್ಬಕ್ಕೆ ಊರಿಗೆ ಬಂದಾಗ ತಾತ ತೋಪಿನ ಬದುವಿನ ಮೇಲೆ ಕೂತಿದ್ದ. ಕೋಪವಾಗಿ ಏನೂ ಹೇಳಲಿಲ್ಲ.

“ನೀಲಗಿರಿ ಬ್ಯಾಡ ಅಂತ ಎದುರಿಗೆ ಬಂದು ಹೇಳಿದ್ರೆ ಜಗಳ ಆಡ್ತಿದ್ದೆ,” ಎಂದ. “ಆಮ್ಯಾಕೆ ಒಪ್ತಿದ್ದೆನೋ ಏನೋ. ರಾತ್ರಿ ಬಂದು ಹೋದ್ರೆ ಯಾರ್ ಜತೆ ಆಡ್ಲಿ ಹೇಳು?”

2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದೆಂದು ಆದೇಶ ಮಾಡಿತು. ನೆಲದ ನೀರಿನ ಮಟ್ಟಿಗೆ ನನ್ನ ಗೆಳೆಯರು ಹೇಳಿದ್ದು ಸರಿಯೇ ಆಗಿತ್ತು. ಆದರೂ ಆ ರಾತ್ರಿ ನಡೆದದ್ದು ಸರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕುಸನೂರಿನವರು ಹಗಲಲ್ಲಿ ಕಿತ್ತರು, ಕಿತ್ತಲ್ಲಿ ನೆಟ್ಟರು, ದಾವೆಯಲ್ಲಿ ತಮ್ಮ ಹೆಸರು ಬರೆಸಿದರು. ಅವರ ಜೊತೆ ಎದುರಿನವನು ಜಗಳ ಆಡಬಹುದಿತ್ತು, ಅವರನ್ನು ಸೋಲಿಸಲೂ ಬಹುದಿತ್ತು. ನಮ್ಮೂರಿನಲ್ಲಿ ತಾತನಿಗೆ ಆ ಅವಕಾಶವನ್ನೇ ಕೊಡಲಿಲ್ಲ. ಮಾತು ಬಾರದ ನೀರಿನ ಪರ ಮಾತಾಡುತ್ತೇವೆ ಎಂದು ಹೊರಟು, ಮಾತು ಬರುವ ಮುದುಕನೊಬ್ಬನ ಬಾಯಿ ಕಟ್ಟಿದ್ದೆವು. ಪರವಾನಗಿ ತಾನೇ ಬರೆದುಕೊಂಡು ತಾನೇ ಸಹಿ ಹಾಕಿಕೊಂಡ ಬೇಟೆ ಹಡಗಿನವರಿಗೂ ನಮಗೂ ಆ ರಾತ್ರಿ ಹೆಚ್ಚು ವ್ಯತ್ಯಾಸವಿರ

ಲಿಲ್ಲ.

ತಿಮಿಂಗಿಲ ಬಂದು ನಮ್ಮನ್ನು ಕೇಳುವುದಿಲ್ಲ. ನೆಲದಡಿಯ ನೀರೂ ಕೇಳುವುದಿಲ್ಲ. ಅದಕ್ಕೇ ಅವುಗಳ ಹೆಸರಿನಲ್ಲಿ ಕೆಲಸ ಮಾಡುವವನು, ಪ್ರಯೋಗಾಲಯದವನಾಗಲಿ ಚಳವಳಿಯವನಾಗಲಿ, ಕೇಳಬಲ್ಲ ಯಾರಿಗಾದರೂ ಸಿಗುವ ಜಾಗದಲ್ಲಿ ನಿಂತಿರಬೇಕು. ನೀನು ತಪ್ಪು ಎಂದು ಅವನಿಗೆ ತೋರಿಸಲು ಒಂದು ದಾರಿ ತೆರೆದಿರಬೇಕು.

ತಾತ ತೀರಿಕೊಂಡು ನಾಲ್ಕು ವರ್ಷವಾಯಿತು. ತೋಪಿನ ಬೊಡ್ಡೆಗಳನ್ನು ಜೆಸಿಬಿಯಿಂದ ಕೀಳಿಸಿ ಮಾವು ಹಾಕಿದ್ದೇವೆ. ಅಜ್ಜಿ ಆವತ್ತು ಹೆಚ್ಚುತ್ತಿದ್ದುದು ಅದರ ಮೊದಲ ಕಾಯಿ. ಆ ರಾತ್ರಿ ತೋಪಿಗೆ ಹೋದವರ ಹೆಸರು ಅವಳಿಗೆ ಇನ್ನೂ ಹೇಳಿಲ್ಲ. ಅದರಲ್ಲಿ ನನ್ನ ಹೆಸರನ್ನೂ ಸೇರಿಸಿ ಹೇಳಬೇಕು. ಈ ಬರಹ ಅಚ್ಚಾದ ಮೇಲೆ ಅವಳಿಗೆ ಓದಿ ಹೇಳುತ್ತೇನೆ. ಜಗಳ ಆಡುವುದಾದರೆ ಆಡಲಿ.